ಮಂಜ್ಯಾನಿಗೊಂದು ಪತ್ರ: ಮಾಮಾ ಎಲ್ಲಿ ಕೂರಬೇಕು?

ಲೇ ಮಂಜ್ಯಾ,

ನೀನು ಫೋನ್ ಎತ್ತುವುದಿಲ್ಲ, ಮೆಸೇಜಿಗೆ ಉತ್ತರ ಕೊಡುವುದಿಲ್ಲ. ಇಲ್ಲಿ ಬರೆದರೆ ಮಾತ್ರ ತಕ್ಷಣ ಲೈಕ್ ಒತ್ತುತ್ತೀಯ. ಅದಕ್ಕೇ ಊರೆಲ್ಲ ನೋಡುವ ಹಾಗೆ ಬರೆಯುತ್ತಿದ್ದೇನೆ. ಹೆದರಬೇಡ, ಹಳದಿ ಛತ್ರಿಯ ವಿಷಯ ಎತ್ತುವುದಿಲ್ಲ.

ಮೊನ್ನೆ ಮುಂಬೈ ಪಕ್ಕದ ಠಾಣೆ ಊರಿನಲ್ಲಿ ನನ್ನ ಹೆಂಡತಿಯ ಚಿಕ್ಕಮ್ಮನ ಮಗಳ ಮದುವೆ. ಅವಳ ತವರು ಸಾತಾರಾ ಕಡೆಯ ಮರಾಠರೆಲ್ಲ ಬಂದಿದ್ದರು. ಭಟ್ಟರು ಮೈಕಿನಲ್ಲಿ ಹುಡುಗಿಯ ಮಾಮಾನನ್ನು ಕರೆದರು. ಇವರಲ್ಲಿ ಮದುಮಗಳನ್ನು ಮಂಟಪಕ್ಕೆ ಕರೆದು ತರುವುದು ಸೋದರಮಾವನ ಕೆಲಸ. ಗುಲಾಬಿ ಫೇಟಾ ಕಟ್ಟಿಕೊಂಡ ಮಾಮಾ ಗಂಭೀರವಾಗಿ ಬಂದ, ಹುಡುಗಿಯನ್ನು ಅಂತರಪಾಟದ ಹಿಂದೆ ನಿಲ್ಲಿಸಿದ, ಕಣ್ಣೊರೆಸಿಕೊಂಡ. ಆಗ ನನ್ನ ಪಕ್ಕ ಕೂತಿದ್ದ ಅವ್ವ ತನಗೆ ಬರುವ ಮರಾಠಿಯಲ್ಲಿ ಮುಂದಿನ ಸಾಲಿನವರಿಗೆ ಹೇಳಿದಳು: "ನನ್ನನ್ನೂ ಮಾಮಾನೇ ಕರೆದು ತಂದಿದ್ದ. ಆಮೇಲೆ ಅಲ್ಲೇ ಕೂತ."

ಒಬ್ಬ ಕಾಕೂ (ಚಿಕ್ಕಮ್ಮ) ತಿರುಗಿ ಕೇಳಿದರು, "ಸಖ್ಖಾ ಮಾಮಾ?" ಅಂದರೆ ಸ್ವಂತ ಸೋದರಮಾವನಾ ಅಂತ. ಅವ್ವ ಹೆಮ್ಮೆಯಿಂದ "ಹೂಂ, ಸಖ್ಖಾ" ಅಂದಳು. ಆ ಸಾಲು ಪೂರ್ತಿ ಸುಮ್ಮನಾಯಿತು ಮಾರಾಯ. ಅಕ್ಷತೆ ಹಾಕುವುದನ್ನೂ ಮರೆತರು.

ನಿನಗೆ ಇದರಲ್ಲಿ ವಿಶೇಷ ಕಾಣುವುದಿಲ್ಲ. ನಿಮ್ಮ ಓಣಿಯಲ್ಲೇ ಅಕ್ಕನ ಮಗಳನ್ನು ಮಾಡಿಕೊಂಡವರು ಎಷ್ಟಿದ್ದಾರೆ ಎಣಿಸು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಕ್ತಸಂಬಂಧದ ಮದುವೆ ದೇಶದಲ್ಲಿ ನೂರಕ್ಕೆ 11, ಕರ್ನಾಟಕದಲ್ಲಿ 27. 1955ರ ಹಿಂದೂ ವಿವಾಹ ಕಾಯಿದೆ ಕೂಡ ಮಾವ-ಸೊಸೆ ಮದುವೆ ಆಗಬಾರದು ಎಂದು ಹೇಳಿ, ಪದ್ಧತಿ ಇದ್ದವರು ಆಗಬಹುದು ಎಂದು ಪಕ್ಕಕ್ಕೆ ಸರಿಯುತ್ತದೆ. ಹರಿಯಾಣದ ಕಡೆ ಗೋತ್ರ ಒಂದಾದರೆ ಆಯಿತು, ಪಂಚಾಯ್ತಿ ಸೇರುತ್ತದೆ. ಎಷ್ಟೋ ಕಡೆ ಒಂದೇ ಊರಿನ ಹುಡುಗನೂ ಅಣ್ಣನೇ. ಮರಾಠರು ನಡುವೆ ಎಲ್ಲೋ ನಿಲ್ಲುತ್ತಾರೆ. ಹುಡುಗ ಮಾಮಾನ ಮಗಳನ್ನು ತರುವುದು ಅವರಲ್ಲಿ ಉಂಟು. ಆದರೆ ಮಾಮಾನೇ ಗಂಡ ಅಂದರೆ, ಆ ಕಾಕೂ ಮುಖ ನೀನು ನೋಡಬೇಕಿತ್ತು.

ಪುಣೆಯ ಡೆಕ್ಕನ್ ಕಾಲೇಜಿನಲ್ಲಿದ್ದ ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ 1953ರಲ್ಲೇ ಇದನ್ನೆಲ್ಲ ದೇಶದ ನಕ್ಷೆಯ ಮೇಲೆ ಹಂಚಿ ತೋರಿಸಿದ್ದರು. ಉತ್ತರದಲ್ಲಿ ಹುಡುಗಿ ಅಪರಿಚಿತರ ಮನೆಗೆ ಹೋಗುತ್ತಾಳೆ, ದಕ್ಷಿಣದಲ್ಲಿ ಹುಟ್ಟಿದಂದಿನಿಂದ ಗೊತ್ತಿರುವವರ ನಡುವೆಯೇ ಇರುತ್ತಾಳೆ, ಅದಕ್ಕೇ ನಮ್ಮ ಕಡೆಯ ಹುಡುಗಿಗೆ ಗಂಡನ ಮನೆಯ ಭಯ ಕಡಿಮೆ. ನಾನೂ ಇಷ್ಟು ವರ್ಷ ಆಫೀಸಿನಲ್ಲಿ, ಲೋಕಲ್‌ನಲ್ಲಿ, ಯಾರಾದರೂ ಮೂಗು ಮುರಿದರೆ ಇದನ್ನೇ ಹೇಳಿ ವಾದ ಗೆಲ್ಲುತ್ತಿದ್ದೆ. ಹೊಲ ಮನೆಯಲ್ಲೇ ಉಳಿಯುತ್ತದೆ, ವರದಕ್ಷಿಣೆಯ ಜಗ್ಗಾಟ ಇಲ್ಲ, ಮಗಳು ಕಣ್ಣೆದುರಿಗೇ. ಡಾಕ್ಟರು ಹೇಳುವುದೂ ಗೊತ್ತು, ಮಾವ-ಸೊಸೆಯ ಜೀನು ಸುಮಾರು ಕಾಲು ಭಾಗ ಒಂದೇ, ಮಕ್ಕಳಿಗೆ ಅಪಾಯ ಜಾಸ್ತಿ. ನನಗೂ ಅಕ್ಕನಿಗೂ ದಪ್ಪ ಕನ್ನಡಕ ಬಿಟ್ಟು ಬೇರೇನೂ ಬರಲಿಲ್ಲ, ಅದು ನಮ್ಮ ಪುಣ್ಯ.

ಆ ಮದುವೆಯಿಂದ ಬಂದ ವಾರವೇ ನಮ್ಮ ಮನೆಯಲ್ಲಿ ಒಂದು ಜಗಳ. ನಿನಗೆ ಕಾರಣ ಹೇಳಿದರೆ ನಗುತ್ತೀಯ, ಹೇಳುವುದಿಲ್ಲ. ಹೆಂಡತಿ ಎಂದಿನಂತೆ "ನಾನು ಸಾತಾರಾಕ್ಕೆ ಹೊರಟೆ" ಅಂದಳು, ಎಂದಿನಂತೆ ಬ್ಯಾಗ್ ತೆಗೆದಳು. ಅವಳು ನಿಜಕ್ಕೂ ಹೋಗುವುದು ಅಪರೂಪ, ಆದರೆ ಅಲ್ಲಿ ಅವಳ ಅಣ್ಣ ಇದ್ದಾನೆ, ನನ್ನನ್ನು ಅವನಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ, ಆ ವಿಷಯ ನನಗೂ ಗೊತ್ತು ಅವಳಿಗೂ ಗೊತ್ತು, ಹಾಗಾಗಿ ಬ್ಯಾಗ್ ಕಂಡರೆ ನಾನು ಮೆತ್ತಗಾಗುತ್ತೇನೆ. ಅವ್ವ ಸೊಪ್ಪು ಬಿಡಿಸುತ್ತ ನೋಡುತ್ತಿದ್ದಳು. ಆಮೇಲೆ ನನಗೊಬ್ಬನಿಗೇ ಕೇಳುವ ಹಾಗೆ ಅಂದಳು: "ಅಕೀಗೆ ಹೋಗಾಕ ಒಂದ್ ಊರೈತಿ."

ಅವ್ವನಿಗೂ ಊರಿತ್ತಲ್ಲ, ರೋಣ. ನೀನೂ ಬಂದಿದ್ದೀಯ. ನಾನು ಮೂರನೆಯ ಈಯತ್ತೆಯಲ್ಲಿದ್ದಾಗ ಅಪ್ಪನ ಜೊತೆ ಮಾತಿಗೆ ಮಾತು ಬೆಳೆದು ಅವ್ವ ನನ್ನನ್ನು ಎಳೆದುಕೊಂಡು ಗದಗಿನಿಂದ ಅಲ್ಲಿಗೆ ಹೋಗಿದ್ದಳು. ಬಾಗಿಲು ತೆಗೆದವಳು ಅಜ್ಜಿ. ಅಜ್ಜಿ ಅಂದರೆ ಅವ್ವನ ತಾಯಿ, ಅಂದರೆ ಅಪ್ಪನ ಸ್ವಂತ ಅಕ್ಕ. ಎದೆಗೆ ಹಾಕಿಕೊಂಡು ಸಾಕಿದ ತಮ್ಮ ಅವನು. ರೊಟ್ಟಿ ಬಡಿದು ಹಾಕಿದಳು, ಅವ್ವನ ತಲೆಗೆ ಎಣ್ಣೆ ಹಚ್ಚಿದಳು, ಎಲ್ಲ ಕೇಳಿಸಿಕೊಂಡಳು. ಕೊನೆಗೆ, "ಅಂವಾ ನನ್ನ ಕೈಯಾಗ ಬೆಳೆದಾಂವ, ಅಂವನ ಸ್ವಭಾವ ನನಗ ಗೊತ್ತಿಲ್ಲೇನು?" ಅಂದಳು. ಮರುದಿನ ನಾವು ವಾಪಸ್ ಬಸ್ಸಿನಲ್ಲಿದ್ದೆವು. ಅವ್ವ ಮತ್ತೆ ಯಾವತ್ತೂ ಸಿಟ್ಟು ಮಾಡಿಕೊಂಡು ರೋಣಕ್ಕೆ ಹೋಗಲಿಲ್ಲ. ಹೋಗಿ ಏನು ಮಾಡಬೇಕು? ಅತ್ತೆಯ ಮೇಲೆ ದೂರು ತಾಯಿಗೆ ಹೇಳಬಹುದು, ತಾಯಿಯ ಮೇಲೆ ದೂರು ಅತ್ತೆಗೆ ಹೇಳಬಹುದು, ಇಬ್ಬರೂ ಅಕ್ಕ-ತಂಗಿಯೋ ತಾಯಿ-ಮಗಳೋ ಆಗಿದ್ದರೆ? ಅವ್ವನ ಅತ್ತೆ ಬೇರೆ ಯಾರೂ ಅಲ್ಲ, ಅವಳ ಸ್ವಂತ ಅಜ್ಜಿ.

ಹರಿಯಾಣದ ಹುಡುಗಿ ಗುರುತಿಲ್ಲದ ಊರಿಗೆ ಹೋಗುತ್ತಾಳೆ, ಸೆರಗು ಮುಖದ ಮೇಲೆ ಎಳೆದುಕೊಂಡು ಬದುಕುತ್ತಾಳೆ, ಅದೇನು ಸುಖವಲ್ಲ. ಆದರೆ ಅವಳ ಮಕ್ಕಳ ಮದುವೆಗೆ ತವರಿನಿಂದ ಅಣ್ಣ ಭಾತ್, ಅಂದರೆ ತವರಿನ ಉಡುಗೊರೆ, ಹೊತ್ತು ಬರುತ್ತಾನೆ, ಊರೆಲ್ಲ ನೋಡುತ್ತದೆ, ಇವಳಿಗೂ ಒಂದು ಕಡೆಯವರು ಇದ್ದಾರೆ ಅಂತ. ಚೀನಾದ ಲುಗು ಸರೋವರದ ಹತ್ತಿರ ಮೊಸುವೊ ಜನ ಇದ್ದಾರಲ್ಲ, ಅವರ ಹಳೆಯ ಪದ್ಧತಿಯಲ್ಲಿ ಹೆಣ್ಣು ತಾಯಿಯ ಮನೆ ಬಿಟ್ಟು ಹೋಗುವುದೇ ಇಲ್ಲ. ಗಂಡು ರಾತ್ರಿ ಬಂದು ಬೆಳಿಗ್ಗೆ ತನ್ನ ತಾಯಿಯ ಮನೆಗೆ ನಡೆಯುತ್ತಾನೆ, ಮಕ್ಕಳನ್ನು ಬೆಳೆಸುವವನು ಸೋದರಮಾವ. ಅಲ್ಲೂ ಮಾವನೇ ದೊಡ್ಡವನು, ಇಲ್ಲೂ ಮಾವನೇ. ಆದರೆ ಅಲ್ಲಿ ಅವನು ಯಾವಾಗಲೂ ಹೆಣ್ಣಿನ ಕಡೆಯವನು. ಅವ್ವನ ಪರವಾಗಿ ಅಪ್ಪನನ್ನು ಕೇಳಬೇಕಾದ ಮಾವ ಯಾರು ಹೇಳು? ಅಪ್ಪನೇ.

ಅಪ್ಪ ಕೆಟ್ಟವನಲ್ಲ, ನಿನಗೆ ಗೊತ್ತು. ಕೈ ಎತ್ತಿದವನಲ್ಲ. ಮನೆಯಲ್ಲಿ ಎಲ್ಲರೂ ತನ್ನ ಕಡೆಯವರೇ ಇದ್ದಾಗ ಒಳ್ಳೆಯವನಾಗಿರುವುದು ಸುಲಭ, ಅಷ್ಟೇ.

ಇಷ್ಟಕ್ಕೇ ನಿಲ್ಲಿಸಬೇಕೆಂದಿದ್ದೆ. ಅಪ್ಪ ಹೋದ ಮೇಲೆ ಅವ್ವ ನಮ್ಮ ಜೊತೆ ಡೊಂಬಿವಲಿಯಲ್ಲೇ ಇದ್ದಾಳೆ. ಮೊನ್ನೆ ರಾತ್ರಿ ಅವಳಿಗೂ ನನ್ನ ಹೆಂಡತಿಗೂ ಏನೋ ಆಯಿತು. ಅವ್ವ ಬಾಲ್ಕನಿಗೆ ಬಂದು ಮೆಲ್ಲಗೆ ಹೇಳತೊಡಗಿದಳು. ನಾನು ಫೋನ್ ನೋಡುತ್ತಲೇ, "ಅವ್ವ, ಅವಳ ಸ್ವಭಾವ ನನಗೆ ಗೊತ್ತಿಲ್ಲವಾ?" ಅಂದೆ. ಅವ್ವ ಅಲ್ಲಿಗೇ ಮಾತು ನಿಲ್ಲಿಸಿ, ಹಾಲು ಫ್ರಿಜ್ಜಿನಲ್ಲಿ ಇಟ್ಟೆಯಾ ಎಂದು ಕೇಳಿದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ ಮಂಜ್ಯಾ.

ಸಾಕು, ಜಾಸ್ತಿಯಾಯಿತು. ಕಾಮೆಂಟಿನಲ್ಲಿ ಯಾರೂ ಕೈಮುಗಿಯುವ ಎಮೋಜಿ ಹಾಕಬೇಡಿ, ನಾನು ಅಷ್ಟೇನೂ ಒಳ್ಳೆಯ ಮಗನಲ್ಲ. ನಾನು ಹೊರಗಿನ ಹುಡುಗಿಯನ್ನು ಮಾಡಿಕೊಂಡದ್ದು ದೊಡ್ಡ ಆದರ್ಶದಿಂದಲೂ ಅಲ್ಲ. ಲಾಭ ಏನು ಗೊತ್ತಾ? 2023ರ ಅಧಿಕ ಶ್ರಾವಣದಲ್ಲಿ ಸಾತಾರಾದ ಅತ್ತೆ ಈ ಜಾವಯಿಬಾಪುವನ್ನು, ಅಂದರೆ ಅಳಿಯನನ್ನು, ಮಣೆಯ ಮೇಲೆ ಕೂರಿಸಿ 33 ಸಿಹಿ ಅನಾರಸೆ ಕೊಟ್ಟರು. ಅಕ್ಕನ ಮಗಳನ್ನೇ ಮಾಡಿಕೊಂಡಿದ್ದರೆ ಅಕ್ಕನೇ ಅತ್ತೆ. ಅನಾರಸೆ ಹಾಗಿರಲಿ, ಕಾಲೇಜಿನಲ್ಲಿದ್ದಾಗ ಇಸಕೊಂಡ ಸೈಕಲ್ ದುಡ್ಡನ್ನು ಅವಳು ಇನ್ನೂ ಕೇಳುತ್ತಾಳೆ. ಇದನ್ನೂ ಓದುತ್ತಾಳೆ, ಈಗಲೇ ಫೋನ್ ಬರುತ್ತದೆ. ಬಂದರೆ ನೀನೇ ಎತ್ತು, ಅರ್ಧ ದುಡ್ಡು ನಿನ್ನದೂ ಹೌದು.

ನಿನ್ನ,
ಡೊಂಬಿವಲಿ ಗೌಡ