ಎಂ.ಡಿ. ಮಾಡಿ ಸಕ್ಕರೆ ಗುಳಿಗೆ ಹಿಡಿದವರೂ ಇದ್ದರು

ಮಾನ್ಯ ಸಂಪಾದಕರೇ,

ಹೋಮಿಯೋಪತಿ ಡಾಕ್ಟರರಿಗೆ ಅಲೋಪತಿ ಔಷಧ ಬರೆಯಲು ಬಿಡಬೇಕೋ ಬೇಡವೋ ಎಂಬ ಮಹಾರಾಷ್ಟ್ರದ ಜಗಳದ ಬಗ್ಗೆ ನಿಮ್ಮ ಓದುಗರ ಅಂಕಣದಲ್ಲಿ ಬರುತ್ತಿರುವ ಪತ್ರಗಳನ್ನು ಒಂದೂ ಬಿಡದೆ ಓದುತ್ತಿದ್ದೇನೆ. ಅದರಲ್ಲಿ ಮುಂಬಯಿಯ ಸಯಾನ್ ಕಡೆಯ ಓದುಗರೊಬ್ಬರು, ಎಂಬಿಬಿಎಸ್ ಸೀಟು ಸಿಗದವರು ಹೋಗಿ ಸೇರುವ ಜಾಗ ಅದು, ದೊಡ್ಡ ಪದವಿ ಇದ್ದವನು ಒಬ್ಬನಾದರೂ ಆ ಕಡೆ ತಲೆ ಹಾಕಿದ್ದುಂಟೇ ಎಂದು ಕೇಳಿದ್ದಾರೆ. ಕೇಳಿದ್ದು ಒಳ್ಳೆಯದೇ ಆಯಿತು. ಉಂಟು ಸ್ವಾಮೀ. ಅವರ ಹೆಸರು ಮಹೇಂದ್ರಲಾಲ್ ಸರ್ಕಾರ್. ಕಲ್ಕತ್ತಾ ವಿಶ್ವವಿದ್ಯಾಲಯದಿಂದ 1863ರಲ್ಲಿ ಎಂ.ಡಿ. ಆದವರು. ಆ ವಿಶ್ವವಿದ್ಯಾಲಯದ ಎರಡನೆಯ ಎಂ.ಡಿ. ಎಂದೇ ಅವರನ್ನು ಹೇಳುವುದು. ಈಗ ಪರೇಲಿನ ಯಾವ ಆಸ್ಪತ್ರೆಗೆ ಹೋದರೂ ಎಂ.ಡಿ.ಗಳು ಸಾಲಾಗಿ ಸಿಗುತ್ತಾರೆ. ಆಗ ಆ ಪದವಿ ಇದ್ದವರನ್ನು ಎಣಿಸಲು ಒಂದು ಕೈಯ ಬೆರಳೂ ಹೆಚ್ಚಾಗುತ್ತಿತ್ತು.

ನಾನು ಡಾಕ್ಟರನಲ್ಲ. ಕುಂದಾಪುರ ಕಡೆಯಿಂದ ಬಂದು, ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಶಾಲೆಯಲ್ಲಿ ಎಸ್ಸೆಸ್ಸಿ ಮುಗಿಸಿ, ಆಮೇಲೆ ಪರೇಲಿನ ಒಂದು ಹೋಮಿಯೋಪತಿ ದವಾಖಾನೆಯಲ್ಲಿ ಕಂಪೌಂಡರ್ ಆಗಿ ಆಯುಷ್ಯ ಕಳೆದವನು. ಕೆಲಸ ನೋಡಲು ಸುಲಭ. ಎರಡು ಡ್ರಾಮಿನ ಬಾಟಲಿಗೆ ಮುಕ್ಕಾಲು ಭಾಗ ಸಕ್ಕರೆ ಗುಳಿಗೆ ತುಂಬಿಸಿ, ಮೇಲಿನಿಂದ ನಾಲ್ಕಾರು ಹನಿ ಔಷಧ ಬಿಟ್ಟು, ಬಿರಡೆ ಒತ್ತಿ, ಎರಡೂ ಅಂಗೈಗಳ ನಡುವೆ ಉರುಳಿಸಬೇಕು. ಹನಿ ಹೆಚ್ಚಾದರೆ ಗುಳಿಗೆ ಕರಗಿ ಮುದ್ದೆಯಾಗುತ್ತದೆ, ಕಡಿಮೆಯಾದರೆ ಅಡಿಯ ಗುಳಿಗೆ ಒಣಗಿಯೇ ಉಳಿಯುತ್ತದೆ. ಸಂಜೆ ಗಿರಣಿಯ ಪಾಳಿ ಬಿಟ್ಟ ಮೇಲೆ ಬೆಂಚು ತುಂಬುತ್ತಿತ್ತು; ಹತ್ತಿಯ ನವಿರು ಇನ್ನೂ ಕೂದಲಲ್ಲಿ ಅಂಟಿಕೊಂಡವರು, ಮಗುವನ್ನು ಹೆಗಲಿಗೆ ಹಾಕಿಕೊಂಡವರು. ನಾನು ಕಿಟಕಿಯ ಹಿಂದೆ ನಿಂತು ಪುಡಿ ಪೊಟ್ಟಣ ಮಡಚುತ್ತಿದ್ದೆ. ನನ್ನ ತಲೆಯ ಮೇಲೆ ಗೋಡೆಯಲ್ಲಿ ಎರಡು ಚಿತ್ರ. ಒಂದು ಹೋಮಿಯೋಪತಿಯನ್ನು ಹುಟ್ಟುಹಾಕಿದ ಹಾನಿಮನ್ ಎಂದು ಎಲ್ಲರಿಗೂ ಗೊತ್ತು. ಇನ್ನೊಂದು ಯಾರದು ಎಂದು ಒಂದು ದಿನ ಕೇಳಿದೆ. ಡಾಕ್ಟರು ಆವತ್ತು ಹೇಳಲು ಶುರು ಮಾಡಿದ್ದು, ಮಳೆಗೆ ರೋಗಿಗಳು ಬಾರದ ಸಂಜೆಗಳಲ್ಲೆಲ್ಲ ಮುಂದುವರಿಯಿತು. ಆಮೇಲೆ ಲೈಬ್ರರಿಗಳಲ್ಲಿ ಸಿಕ್ಕಿದ್ದನ್ನು ನಾನೇ ಓದಿಕೊಂಡೆ.

ಸರ್ಕಾರ್ ಹುಟ್ಟಿದ್ದು 1833ರ ನವೆಂಬರ್ 2ರಂದು, ಹೌರಾ ಸೀಮೆಯ ಪಾಯ್ಕ್‌ಪಾರಾ ಎಂಬ ಹಳ್ಳಿಯಲ್ಲಿ. ಐದು ವರ್ಷವಾಗುವಾಗ ತಂದೆ ಹೋದರು. ತಾಯಿ ಮಗನನ್ನು ಕಟ್ಟಿಕೊಂಡು ಕಲ್ಕತ್ತೆಯ ತವರಿಗೆ ಬಂದರು, ಕೆಲವೇ ವರ್ಷಗಳಲ್ಲಿ ಅವರೂ ತೀರಿಕೊಂಡರು. ಸೋದರಮಾವಂದಿರೇ ಸಾಕಿದರು. ಮಾವನ ಮನೆಯ ಮೂಲೆಯಲ್ಲಿ ಕೂತು ಓದುವುದು ಎಂದರೆ ಏನು ಎಂದು ಮಾವನ ಬೆನ್ನು ಹಿಡಿದು ಮುಂಬಯಿಗೆ ಬಂದ ನಮ್ಮ ಜನಕ್ಕೆ ಬಿಡಿಸಿ ಹೇಳಬೇಕಿಲ್ಲ. ಹೇರ್ ಶಾಲೆಯಲ್ಲಿ ಫೀಸಿಲ್ಲದೆ ಓದಿದರು, ಅಲ್ಲಿಂದ ಸ್ಕಾಲರ್‌ಶಿಪ್ ಗೆದ್ದು ಹಿಂದೂ ಕಾಲೇಜಿಗೆ ಹೋದರು. ಹುಡುಗನಿಗೆ ವಿಜ್ಞಾನದ ಹುಚ್ಚು. ಆದರೆ ಅಲ್ಲಿ ವಿಜ್ಞಾನ ಕಲಿಯಲು ಸರಿಯಾದ ಏರ್ಪಾಡೇ ಇರಲಿಲ್ಲ. ಅದಕ್ಕಾಗಿ 1854ರ ಹೊತ್ತಿಗೆ ಮೆಡಿಕಲ್ ಕಾಲೇಜು ಸೇರಿದರು. ರೋಗ ಗುಣಪಡಿಸುವ ಆಸೆಗಿಂತ ಹೆಚ್ಚಾಗಿ ವಿಜ್ಞಾನದ ಆಸೆಗೆ ಅವರು ವೈದ್ಯರಾದದ್ದು ಎಂದು ನನ್ನ ಎಣಿಕೆ; ಮುಂದಿನದನ್ನು ನೋಡಿದರೆ ಅದು ಸುಳ್ಳು ಅನ್ನಿಸುವುದಿಲ್ಲ.

ಕಾಲೇಜಿನ ಎರಡನೆಯ ವರ್ಷದ ಒಂದು ಪ್ರಸಂಗ ನನಗೆ ಬಹಳ ಇಷ್ಟ. ಸಂಬಂಧಿಕರೊಬ್ಬರಿಗೆ ಕಣ್ಣು ತೋರಿಸಲು ಇವರು ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಹೋಗಿದ್ದರು. ಡಾಕ್ಟರ್ ಆರ್ಚರ್ ಎಂಬ ಇಂಗ್ಲಿಷ್ ಪ್ರೊಫೆಸರು ಐದನೆಯ ವರ್ಷದ ಹುಡುಗರನ್ನು ಸುತ್ತ ನಿಲ್ಲಿಸಿಕೊಂಡು ಕಣ್ಣಿನ ರಚನೆಯ ಬಗ್ಗೆ ಏನೋ ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ಹಿಂದಿನಿಂದ ಉತ್ತರ ಬಂತು. ಯಾರದು ಎಂದು ತಿರುಗಿ ನೋಡಿದರೆ ಎರಡನೆಯ ವರ್ಷದ ಹುಡುಗ. ಆರ್ಚರ್ ಮತ್ತೆ ಕೇಳಿದರು, ಮತ್ತೆ ಉತ್ತರ ಬಂತು. ಕೊನೆಗೆ ಪ್ರೊಫೆಸರರೇ ಹೇಳಿ, ಬೆಳಕು ಮತ್ತು ದೃಷ್ಟಿಯ ವಿಷಯದ ಮೇಲೆ ಅದೇ ಕಾಲೇಜಿನ ವಿದ್ಯಾರ್ಥಿಗಳಿಗೆ ಈ ಹುಡುಗನಿಂದ ಉಪನ್ಯಾಸ ಮಾಡಿಸಿದರು. ಸೀಟು ಸಿಗದವರು ಎಂದು ಬರೆದ ಸಯಾನಿನ ಓದುಗರಿಗೆ ಇದನ್ನು ಎರಡು ಸಲ ಓದಲು ವಿನಂತಿ.

ಇನ್ನು ಹೋಮಿಯೋಪತಿಗೆ ಬರೋಣ. 1863ರಲ್ಲಿ ಬ್ರಿಟಿಷ್ ವೈದ್ಯ ಸಂಘದ ಬಂಗಾಳ ಶಾಖೆ ಶುರುವಾದಾಗ ಸರ್ಕಾರ್ ಅದರ ಮುಂಚೂಣಿಯಲ್ಲಿದ್ದರು. ಆರಂಭದ ಸಭೆಯಲ್ಲೇ ಎದ್ದು ನಿಂತು ಹೋಮಿಯೋಪತಿಯನ್ನು ಬುಡಸಮೇತ ಝಾಡಿಸಿದ್ದರು. ಆಗ ಕಲ್ಕತ್ತೆಯಲ್ಲಿ ರಾಜೇಂದ್ರಲಾಲ್ ದತ್ತ ಎಂಬ ಸಾಹುಕಾರರು, ಡಾಕ್ಟರಿಕೆಯ ಪದವಿ ಏನೂ ಇಲ್ಲದೆ, ಹೋಮಿಯೋಪತಿ ಔಷಧ ಕೊಡುತ್ತಿದ್ದರು. ಈಶ್ವರಚಂದ್ರ ವಿದ್ಯಾಸಾಗರರ ತಲೆಶೂಲೆ, ರಾಜಾ ರಾಧಾಕಾಂತ ದೇವರ ಕಾಲಿನ ಹುಣ್ಣು, ಎರಡಕ್ಕೂ ಅವರದೇ ಔಷಧ ಎಂದು ಊರಲ್ಲಿ ಮಾತು. ದತ್ತರು ಸರ್ಕಾರರನ್ನು ತಮ್ಮ ಕಡೆ ಎಳೆಯಲು ಎಷ್ಟೋ ಸಲ ನೋಡಿದರು, ಇವರು ಜಗ್ಗಲಿಲ್ಲ. ಅಷ್ಟರಲ್ಲಿ ಮಾರ್ಗನ್ ಎಂಬವರು ಹೋಮಿಯೋಪತಿಯ ತತ್ತ್ವದ ಮೇಲೆ ಬರೆದ ಪುಸ್ತಕವೊಂದು ಪತ್ರಿಕೆಯ ವಿಮರ್ಶೆಗಾಗಿ ಇವರ ಕೈಗೆ ಬಂತು. ಒಳ್ಳೆಯ ಬೇಟೆ ಸಿಕ್ಕಿತು ಎಂದುಕೊಂಡೇ ತೆರೆದರು. ಓದಿ ಮುಗಿಸಿದ ಮೇಲೆ ಅವರಿಗೆ ಅನ್ನಿಸಿದ್ದು ಇಷ್ಟು: ರೋಗಿಗಳನ್ನು ಕಣ್ಣಾರೆ ನೋಡದೆ ಇದರ ಬಗ್ಗೆ ಬರೆಯುವುದು ತರವಲ್ಲ.

ಹಾಗಾಗಿ ಯಾರ ಮೇಲೆ ಹರಿಹಾಯ್ದಿದ್ದರೋ ಅದೇ ದತ್ತರ ಜೊತೆ ರೋಗಿಗಳ ಮನೆಗೆ ಹೋಗತೊಡಗಿದರು. ಮೋಸ ಇದ್ದರೆ ಹಿಡಿಯಬೇಕೆಂದೇ ಹೋದದ್ದು. ಎಂ.ಡಿ. ಆದವನು ಪದವಿಯಿಲ್ಲದ ವ್ಯಾಪಾರಿಯ ಹಿಂದೆ ನಿಂತು ನೋಡುವುದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಈ ಕಾಲಕ್ಕೂ ಅಲ್ಲ.

1867ರ ಫೆಬ್ರವರಿ 16. ಅದೇ ವೈದ್ಯ ಸಂಘದ ವಾರ್ಷಿಕ ಸಭೆ. ವೈದ್ಯವಿಜ್ಞಾನದ ಅನಿಶ್ಚಿತತೆ ಎಂಬ ವಿಷಯದ ಮೇಲೆ ಸರ್ಕಾರ್ ಪ್ರಬಂಧ ಓದಿದರು. ಅದರಲ್ಲಿ ಹೋಮಿಯೋಪತಿಯ ಪರ ಮಾತಾಡಿದರು. ಸಭೆ ಕೆರಳಿತು. ಅವರನ್ನು ಸಂಘದಿಂದಲೇ ತೆಗೆಯಬೇಕೆಂಬ ಕೂಗೆದ್ದಿತು, ಮಾತು ಮುಗಿಸಲೂ ಸರಿಯಾಗಿ ಬಿಡಲಿಲ್ಲ. ಪತ್ರಿಕೆಗಳಲ್ಲಿ ತಿಂಗಳುಗಟ್ಟಲೆ ಜಗಳ ನಡೆಯಿತು. ಜೊತೆಯ ಡಾಕ್ಟರುಗಳು ಇವರನ್ನು ದೂರವಿಟ್ಟರು. ಕೈತುಂಬ ಪ್ರಾಕ್ಟೀಸ್ ಇದ್ದವರ ಬಾಗಿಲಿಗೆ ತಿಂಗಳುಗಳ ಕಾಲ ರೋಗಿಗಳೇ ಬರಲಿಲ್ಲ. ನಮ್ಮ ಡಾಕ್ಟರು ಇದನ್ನು ಹೇಳುವಾಗಲೆಲ್ಲ ಖಾಲಿ ಬೆಂಚಿನ ಕಡೆ ನೋಡಿ ನಗುತ್ತಿದ್ದರು, "ನಮ್ಮದು ಬರೀ ಮಳೆಯಿಂದ ಮಾರಾಯ" ಎನ್ನುತ್ತಿದ್ದರು.

ಅವರ ಕತೆಯನ್ನು ಹೋಮಿಯೋಪತಿಯವರು ಇಲ್ಲಿಗೇ ನಿಲ್ಲಿಸಿ ಜೈಕಾರ ಹಾಕುತ್ತಾರೆ. ಅದಕ್ಕೆ ನನ್ನ ಒಪ್ಪಿಗೆ ಇಲ್ಲ. ನನ್ನ ಮಗಳು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ಅಪ್ಪ, ನೀನು ಆಯುಷ್ಯವಿಡೀ ಉರುಳಿಸಿದ 30ರ ಬಾಟಲಿಯಲ್ಲಿ ಮೂಲದ್ರವ್ಯದ ಒಂದು ಅಣು ಸಿಕ್ಕರೂ ಅದೃಷ್ಟ ಎನ್ನುತ್ತಾಳೆ. ನೂರಕ್ಕೆ ಒಂದು ಪಾಲಿನಂತೆ ಮೂವತ್ತು ಸಲ ತೆಳ್ಳಗೆ ಮಾಡಿದ್ದು ಅದು. ಹನ್ನೆರಡು ಸಲದ ಆಚೆಗೇ ಏನೂ ಉಳಿಯುವುದಿಲ್ಲ ಎಂದು ಲೆಕ್ಕ ಹಾಕಿ ತೋರಿಸಿದ್ದಾಳೆ. ಲೆಕ್ಕದಲ್ಲಿ ತಪ್ಪು ಹುಡುಕಲು ನನಗೆ ಬರುವುದಿಲ್ಲ. ಹಾಗಾದರೆ ದತ್ತರ ರೋಗಿಗಳು ಎದ್ದು ಕೂತದ್ದು ಹೇಗೆ ಎಂದು ಕೇಳಿದರೆ, ಆ ಕಾಲದ ಅಲೋಪತಿ ಈಗಿನದಲ್ಲ, ಜಿಗಣೆ ಕಚ್ಚಿಸಿ ಪಾದರಸ ತಿನ್ನಿಸುವ ಕಾಲ, ಅದರಿಂದ ತಪ್ಪಿಸಿಕೊಂಡವರು ತಾವಾಗಿಯೇ ಸುಧಾರಿಸಿರಬೇಕು ಎನ್ನುತ್ತಾಳೆ. ಇರಬಹುದು. ನಾನು ಗುಳಿಗೆಯ ವಕೀಲಿಗೆ ಈ ಪತ್ರ ಬರೆಯುತ್ತಿಲ್ಲ.

ಸರ್ಕಾರ್ ಮುಂದೆ ಮಾಡಿದ್ದನ್ನು ನೋಡಿ. 1868ರಲ್ಲಿ ಸ್ವಂತ ವೈದ್ಯಕೀಯ ಮಾಸಿಕ ಹೊರಡಿಸಿದರು. ಮರುವರ್ಷ ಅದರಲ್ಲೇ, ಭಾರತೀಯರು ತಾವೇ ನಡೆಸುವ, ತಾವೇ ಪ್ರಯೋಗ ಮಾಡಿ ಕಲಿಯುವ ಒಂದು ವಿಜ್ಞಾನ ಸಂಸ್ಥೆ ಬೇಕು ಎಂದು ಬರೆದರು. ಗಮನಿಸಿ, ಅವರು ಕೇಳಿದ್ದು ಹೋಮಿಯೋಪತಿ ಆಸ್ಪತ್ರೆಯನ್ನಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರದ ಉಪನ್ಯಾಸಮಂದಿರ, ಪ್ರಯೋಗಶಾಲೆ. ಬಂಕಿಮಚಂದ್ರರು ಪತ್ರಿಕೆಯಲ್ಲಿ ಬೆಂಬಲಿಸಿ ಬರೆದರು, ಸೇಂಟ್ ಝೇವಿಯರ್ಸ್ ಕಾಲೇಜಿನ ಫಾದರ್ ಲಾಫೋಂ ಹೆಗಲು ಕೊಟ್ಟರು. ರಾಜರು, ಜಮೀನುದಾರರ ಮನೆ ಮನೆ ಅಲೆದು ಚಂದಾ ಎತ್ತಿ 1876ರಲ್ಲಿ ಬೌಬಜಾರ್ ಬೀದಿಯಲ್ಲಿ ಸಂಸ್ಥೆ ಕಟ್ಟಿದರು. ಅವರು ಹಾಕಿದ ಹೆಸರನ್ನು ಕನ್ನಡದಲ್ಲಿ ಹೇಳಿದರೆ ಭಾರತೀಯ ವಿಜ್ಞಾನ ಕೃಷಿ ಸಂಘ; ಕೃಷಿ ಎಂದರೆ ಇಲ್ಲಿ ಬೇಸಾಯವಲ್ಲ, ವಿಜ್ಞಾನವನ್ನು ಬೆಳೆಸುವುದು. 1907ರಲ್ಲಿ ಸರಕಾರಿ ಲೆಕ್ಕಪತ್ರದ ನೌಕರಿಗೆ ಕಲ್ಕತ್ತೆಗೆ ಬಂದ ಒಬ್ಬ ತರುಣ, ಟ್ರಾಮಿನಲ್ಲಿ ಹೋಗುವಾಗ ಅದರ ಬೋರ್ಡು ನೋಡಿ ಇಳಿದು ಹೋದನಂತೆ. ಸರ್ಕಾರರು ತೀರಿಕೊಂಡು ಮೂರು ವರ್ಷವಾಗಿತ್ತು, ಬರಮಾಡಿಕೊಂಡದ್ದು ಅವರ ಮಗ ಅಮೃತಲಾಲ್. ಆ ತರುಣ ಆಫೀಸಿಗೆ ಮೊದಲು, ಆಫೀಸು ಬಿಟ್ಟ ಮೇಲೆ ಅಲ್ಲೇ ಪ್ರಯೋಗ ಮಾಡುತ್ತಿದ್ದ. 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮ ಕಂಡದ್ದು ಅದೇ ಕಟ್ಟಡದಲ್ಲಿ. ಸಿ.ವಿ. ರಾಮನ್ ಆಮೇಲೆ ನಮ್ಮ ಬೆಂಗಳೂರಿಗೆ ಬಂದು ನೆಲೆಸಿದ್ದು ಎಲ್ಲರಿಗೂ ನೆನಪಿದೆ. ಪ್ರಯೋಗಶಾಲೆ ಕಟ್ಟಿಸಿಟ್ಟವರು ಒಬ್ಬ ಹೋಮಿಯೋಪತಿ ಡಾಕ್ಟರು ಎಂಬುದು ನಮ್ಮಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ.

ಅವರ ಬಗ್ಗೆ ಹೇಳುವುದು ಇನ್ನೂ ಬಹಳ ಉಂಟು. 1885ರಲ್ಲಿ ಗಂಟಲಿನ ಬೇನೆಯಲ್ಲಿದ್ದ ರಾಮಕೃಷ್ಣ ಪರಮಹಂಸರಿಗೆ ಔಷಧ ಕೊಟ್ಟದ್ದು ಇವರೇ. ಔಷಧ ಕೊಟ್ಟು ಗಂಟೆಗಟ್ಟಲೆ ಕೂತು, ಮನುಷ್ಯನನ್ನು ಅವತಾರ ಎನ್ನುವುದು ಸರಿಯಲ್ಲ ಎಂದು ಶಿಷ್ಯರ ಜೊತೆ ವಾದವನ್ನೂ ಮಾಡುತ್ತಿದ್ದರು. ಹೆಣ್ಣುಮಕ್ಕಳ ಮದುವೆಗೆ ಕಡಿಮೆಯೆಂದರೆ 16 ವರ್ಷವಾಗಿರಬೇಕು ಎಂದು ಬ್ರಹ್ಮಸಮಾಜದ ಕೇಶವಚಂದ್ರ ಸೇನರಿಗೆ ಬರೆದುಕೊಟ್ಟಿದ್ದರು. 1872ರ ಮದುವೆ ಕಾನೂನು 14ಕ್ಕೇ ನಿಂತಿತು. 1878ರಲ್ಲಿ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗಕ್ಕೆ ಅವರ ಹೆಸರು ಬಂದಾಗ, ಹೋಮಿಯೋಪತಿಯವರ ಪಕ್ಕದಲ್ಲಿ ನಾವು ಕೂರುವುದಿಲ್ಲ ಎಂದು ಉಳಿದ ಡಾಕ್ಟರುಗಳು ಹಟ ಹಿಡಿದರು, ಇವರು ಬಿಟ್ಟು ಹೊರಗೆ ಬಂದರು. ನಮ್ಮ ಊರಿನವರಿಗೆ ಹೋಮಿಯೋಪತಿ ಎಂದರೆ ಕಂಕನಾಡಿಯ ಫಾದರ್ ಮುಲ್ಲರ್. ಅವರು ಮಂಗಳೂರಲ್ಲಿ ಬಡವರಿಗೆ ಔಷಧ ಕೊಡಲು ಶುರು ಮಾಡಿದ್ದು 1880ರಲ್ಲಿ. ಅಷ್ಟು ಹೊತ್ತಿಗೆ ಕಲ್ಕತ್ತೆಯಲ್ಲಿ ಇಷ್ಟೆಲ್ಲ ರಾದ್ಧಾಂತ ಆಗಿ ಮುಗಿದಿತ್ತು.

ಈಗಿನ ಜಗಳಕ್ಕೆ ಬರುತ್ತೇನೆ. 2014ರಲ್ಲಿ ಮಹಾರಾಷ್ಟ್ರ ಸರಕಾರ ಕಾನೂನು ತಿದ್ದಿತು. ಹೋಮಿಯೋಪತಿಯವರು ಆಧುನಿಕ ಔಷಧಗಳ ಬಗ್ಗೆ ಕಲಿಸುವ ಒಂದು ವರ್ಷದ ಸಿಸಿಎಂಪಿ ಕೋರ್ಸ್ ಮುಗಿಸಿದರೆ ಅಲೋಪತಿ ಔಷಧ ಬರೆಯಬಹುದು ಎಂದಿತು. ಅಲೋಪತಿಯವರು ಕೋರ್ಟಿಗೆ ಹೋದರು, ಮುಷ್ಕರ ಹೂಡಿದರು. ಈ ಗಲಾಟೆಯಲ್ಲಿ ಸರ್ಕಾರರ ಹೆಸರು ಹಿಡಿದು, ನೋಡಿ, ನಮ್ಮಲ್ಲಿ ಎರಡೂ ಬಲ್ಲವರು ಇದ್ದರು ಎಂದು ಹೇಳುವ ಹೋಮಿಯೋಪತಿ ಮಿತ್ರರಿಗೆ ಒಂದು ಮಾತು. ಸರ್ಕಾರರು ಅಲೋಪತಿಯನ್ನು ಮೆಡಿಕಲ್ ಕಾಲೇಜಿನಲ್ಲಿ ವರ್ಷಗಟ್ಟಲೆ ಕಲಿತು, ಪಾಸಾಗಿ, ಆಮೇಲೆ ಅಲ್ಲಿಂದ ಹೊರಬಿದ್ದವರು. ಒಂದು ವರ್ಷದ ಕೋರ್ಸಿಗೆ ಅವರ ಹೆಸರಿನ ಜಾಮೀನು ಹಾಕಬೇಡಿ. ಅಲೋಪತಿಯವರಿಗೂ ಒಂದು ಮಾತು: 1867ರ ಸಭೆಯಲ್ಲಿ ಕೂಗಿದವರ ಪೈಕಿ ಒಬ್ಬರಾದರೂ ದತ್ತರ ರೋಗಿಗಳನ್ನು ಹೋಗಿ ನೋಡಿ, ಗುಣವಾದವರೆಷ್ಟು, ಆಗದವರೆಷ್ಟು ಎಂದು ಪಟ್ಟಿ ಮಾಡಿದ್ದರೆ, ಜಗಳ ಅಲ್ಲಿಗೇ ಅರ್ಧ ತೀರುತ್ತಿತ್ತು. ಕೂಗಿದರು, ಮನೆಗೆ ಹೋದರು.

ನನಗೆ ಬೇಕಾದದ್ದು ಸಣ್ಣದು. ನಮ್ಮ ಡೊಂಬಿವಲಿಯ ಸ್ಟೇಷನ್ ರಸ್ತೆಯಲ್ಲಿ ದವಾಖಾನೆಗಳ ಬೋರ್ಡು ನೋಡುತ್ತಾ ಹೋಗಿ. "ಡಾ." ಎಂಬುದು ಊಟದ ತಟ್ಟೆಯಷ್ಟು ದೊಡ್ಡದು, ಪದವಿ ಇರುವೆ ಸಾಲು. ಹೋಮಿಯೋಪತಿಯ ಬಿಎಚ್‌ಎಂಎಸ್ ಯಾವುದು, ಆಯುರ್ವೇದದ ಬಿಎಎಂಎಸ್ ಯಾವುದು, ಅಲೋಪತಿಯ ಎಂಬಿಬಿಎಸ್ ಯಾವುದು ಎಂದು ಕಟ್ಟಡ ಕೆಲಸದ ವಿಜಯಪುರ, ಕಲಬುರಗಿ ಕಡೆಯ ಹೆಂಗಸು ಮಗುವಿಗೆ ಜ್ವರ ಬಂದ ರಾತ್ರಿ ಹೇಗೆ ತಿಳಿಯಬೇಕು? ಪಕ್ಕದ ಓಣಿಯ ಒಂದು ದವಾಖಾನೆಯಲ್ಲಿ ಸಕ್ಕರೆ ಗುಳಿಗೆಯ ಡಬ್ಬಿಯ ಪಕ್ಕದಲ್ಲೇ ಆಂಟಿಬಯಾಟಿಕ್ ಪಟ್ಟಿಗಳನ್ನು ನಾನೇ ಕಂಡಿದ್ದೇನೆ. ಹರಿದು ಲಕೋಟೆಗೆ ಹಾಕಿ, ಹೆಸರು ಬರೆಯದೆ ಕೊಡುತ್ತಾರೆ. ಯಾವ ಕೋರ್ಸಿಗೆ ಒಪ್ಪಿಗೆ ಸಿಗುತ್ತದೋ ಬಿಡುತ್ತದೋ, ಅದು ಕೋರ್ಟಿನ ಕೆಲಸ. ಬೋರ್ಡಿನ ಮೇಲೆ ಪದ್ಧತಿಯ ಹೆಸರು ಮರಾಠಿಯಲ್ಲಿ ದೊಡ್ಡದಾಗಿ ಇರಲಿ, ನಮ್ಮವರು ಹೆಚ್ಚಾಗಿರುವ ಕಡೆ ಕನ್ನಡದಲ್ಲೂ ಇರಲಿ. ಕೊಟ್ಟ ಔಷಧದ ಹೆಸರು ಚೀಟಿಯಲ್ಲಿ ಇರಲಿ. ಈ ಎರಡನ್ನು ಕೇಳಿ ನಮ್ಮ ಕನ್ನಡ ಸಂಘಗಳು ಮಹಾನಗರಪಾಲಿಕೆಗೆ ಒಂದು ಮನವಿ ಕೊಡಬಹುದು. ಕೊಡುವುದಾದರೆ ಸಹಿ ಸಂಗ್ರಹಿಸಲು ನಾನು ಬರುತ್ತೇನೆ. ಸಂಜೆ ಆರರ ಮೇಲೆ ಬಿಡುವಾಗಿಯೇ ಇರುತ್ತೇನೆ.

ಇತಿ,
ಒಬ್ಬ ನಿವೃತ್ತ ಕಂಪೌಂಡರ್
ಡೊಂಬಿವಲಿ (ಪೂರ್ವ)