ಪ್ರಕಾಶಕರ ಪತ್ರಗಳನ್ನು ಬಿಡಬೇಡ, ಪುಟ್ಟಿ

ಚಿ. ಪುಟ್ಟಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳಿಸಿದ ಸಂಶೋಧನೆಯ ಯೋಜನೆ ಓದಿದೆ. ವಿಯೆನ್ನಾದ ಸಂಗೀತಶಾಸ್ತ್ರಜ್ಞ ಹೈನ್ರಿಷ್ ಶೆಂಕರ್ ಬರೆದ ಮತ್ತು ಆತನಿಗೆ ಬಂದ ಸಾವಿರಾರು ಪತ್ರಗಳಲ್ಲಿ ಸಂಗೀತಶಾಸ್ತ್ರದ ಮಾತಿರುವವನ್ನು ಮಾತ್ರ ಆರಿಸಿಕೊಳ್ಳುತ್ತೀಯಂತೆ. ದುಡ್ಡಿನ ಜಗಳ, ಮನೆ ಸುದ್ದಿ, ರಾಜಕೀಯದ ಕೂಗಾಟ ಎಲ್ಲ ಪಕ್ಕಕ್ಕೆ. ನಿಮ್ಮ ಗೈಡ್ ಕೂಡ ಒಪ್ಪಿದ್ದಾರಂತೆ. ಒಪ್ಪಲಿ, ನಾನು ಒಪ್ಪುವುದಿಲ್ಲ. ನನಗೆ ಸ್ಟಾಫ್ ನೊಟೇಷನ್ ಓದಲು ಬರುವುದಿಲ್ಲ, ಅದು ನಿನಗೆ ಗೊತ್ತು. ಆದರೆ ಕೆಲಸಕ್ಕೆ ಸೇರಿದಾಗಿನಿಂದ ರಿಟೈರ್ ಆಗುವವರೆಗೂ ಪ್ರೆಸ್ಸಿನಲ್ಲಿ ಕರಡು ತಿದ್ದಿದವನು ನಾನು. ಒಂದು ಪುಸ್ತಕ ಯಾಕೆ ಹಾಗೆ ಬಂತು ಅನ್ನುವುದು ಅದರ ಮುನ್ನುಡಿಯಲ್ಲಿ ಸಿಗುವುದಿಲ್ಲ. ಲೇಖಕ ಪ್ರಕಾಶಕನಿಗೆ ಸಿಟ್ಟಿನಲ್ಲಿ ಬರೆದ ಪತ್ರದಲ್ಲಿ ಸಿಗುತ್ತದೆ.

ನಿನ್ನ ಶೆಂಕರನನ್ನೇ ತಗೋ. 1921ರಿಂದ 1924ರವರೆಗೆ 'ಟೋನ್‌ವಿಲ್ಲೆ' ಅಂತ ಸಣ್ಣ ಸಣ್ಣ ಸಂಚಿಕೆಗಳಲ್ಲಿ ಬರೆದ. ಆಮೇಲೆ ಅದು ನಿಂತುಹೋಯಿತು. 1925, 1926, 1930ರಲ್ಲಿ ದಪ್ಪ ವಾರ್ಷಿಕ ಸಂಪುಟಗಳು ಬಂದವು, ಅದೂ ವಿಯೆನ್ನಾದಿಂದಲ್ಲ, ಮ್ಯೂನಿಕ್‌ನ ಬೇರೆ ಪ್ರಕಾಶಕರಿಂದ. ನಿನ್ನ ಯೋಜನೆಯಲ್ಲಿ ಇದಕ್ಕೆ 'ಚಿಂತನೆ ಬೆಳೆದು ವಿಸ್ತಾರವಾಯಿತು' ಅಂತ ಕಾರಣ ಕೊಟ್ಟಿದ್ದೀಯ. ಬೆಳೆದಿರಬಹುದು. ಆದರೆ 'ಟೋನ್‌ವಿಲ್ಲೆ'ಯ ಪ್ರಕಾಶಕರಾದ ವಿಯೆನ್ನಾದ ಯೂನಿವರ್ಸಲ್ ಎಡಿಷನ್‌ನ ಎಮಿಲ್ ಹರ್ಟ್ಸ್ಕಾ ಜೊತೆ ಆದ ಜಗಳ ಬಿಟ್ಟು ಇದನ್ನು ಹೇಳಲು ಆಗುತ್ತದಾ? ಸಂಚಿಕೆ ತಡಮಾಡುತ್ತೀರಿ, ಪ್ರಚಾರ ಮಾಡುವುದಿಲ್ಲ, ಬೇರೆಯವರ ಮೇಲೆ ನಾನು ಬರೆದದ್ದಕ್ಕೆ ಕತ್ತರಿ ಹಾಕುತ್ತೀರಿ ಅನ್ನುವುದು ಶೆಂಕರನ ದೂರು. ಕೊನೆಗೆ 1925ರಲ್ಲಿ ಕೋರ್ಟಿಗೆ ಹೋಗುವ ಮಾತಾಗಿ, ಹೊರಗೇ ರಾಜಿಯಾಯಿತು. ಅಂದಹಾಗೆ ಶೆಂಕರ್ ಕಾನೂನಿನಲ್ಲಿ ಡಾಕ್ಟರೇಟ್ ಮಾಡಿದವನು. ಆ ಪತ್ರಗಳು ಯಾಕೆ ವಕೀಲರ ನೋಟಿಸಿನ ಹಾಗಿವೆ ಅಂತ ಬೆರಗಾಗಬೇಡ.

ಹರ್ಟ್ಸ್ಕಾ ಕಡೆಯಿಂದಲೂ ಓದು. ಆತ ಹೊಸ ಬಗೆಯ ಸಂಗೀತ ರಚಿಸುತ್ತಿದ್ದ ಶೋನ್‌ಬರ್ಗ್‌ನ ಸಂಗೀತವನ್ನೂ ಅಚ್ಚು ಹಾಕುತ್ತಿದ್ದ ವ್ಯಾಪಾರಿ. ಹೊಸ ಸಂಗೀತವೆಲ್ಲ ಹಾಳು ಅಂತ ಬೈಯುವವನ ಪುಸ್ತಕವನ್ನೂ, ಆ ಹೊಸ ಸಂಗೀತವನ್ನೂ ಒಂದೇ ಅಂಗಡಿಯಲ್ಲಿ ಮಾರಬೇಕು. ಕಷ್ಟ ಅಲ್ವಾ? ಲೇಖಕನನ್ನು ಮೆಚ್ಚಿಕೊಂಡ ಸಂಶೋಧಕರು ಸುಮ್ನೆ ಪ್ರಕಾಶಕನನ್ನು ಖಳನಾಯಕ ಮಾಡಿಬಿಡುತ್ತಾರೆ. ಪ್ರೆಸ್ಸಿನಲ್ಲಿದ್ದವನಾಗಿ ನನಗೆ ಅದು ಸ್ವಲ್ಪ ಜಾಸ್ತಿಯೇ ಚುಚ್ಚುತ್ತದೆ.

ಹಣದ ಲೆಕ್ಕ ಬಂದಲ್ಲೆಲ್ಲ ಇಸವಿ ನೋಡು. ಮೊದಲ ಮಹಾಯುದ್ಧಕ್ಕೆ ಮುಂಚಿನ ಕ್ರೋನ್ (ಆಗಿನ ಆಸ್ಟ್ರಿಯಾದ ನಾಣ್ಯ) ಬೇರೆ, 1922ರ ಕ್ರೋನ್ ಬೇರೆ. ಆ ಹೊತ್ತಿಗೆ ಆಸ್ಟ್ರಿಯಾದಲ್ಲಿ ಬೆಲೆಗಳು ಆಕಾಶಕ್ಕೇರಿದ್ದವು. 1925ರಲ್ಲಿ ಶಿಲಿಂಗ್ ಬಂದಾಗ ಹತ್ತು ಸಾವಿರ ಕ್ರೋನ್‌ಗೆ ಒಂದು ಶಿಲಿಂಗ್ ಲೆಕ್ಕ. ಶೆಂಕರನಿಗೆ ಯಾವ ಕಾಲೇಜಿನ ಕೆಲಸವೂ ಇರಲಿಲ್ಲ, ಜೀವನ ನಡೆದದ್ದು ಮನೆಪಾಠದಿಂದ. ಅಂಥವನು ರಾಯಲ್ಟಿ ವಿಷಯಕ್ಕೆ ಪದೇಪದೇ ಬರೆದರೆ ಅದನ್ನು ಜಿಪುಣತನ ಅಂತ ನೋಟ್ ಹಾಕಿಕೊಳ್ಳಬೇಡ.

ಇನ್ನು ಜೀನೆಟ್. ಆಕೆಯನ್ನು 'ಪತ್ನಿ, ಸಹಾಯಕಿ' ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀಯಲ್ಲೇ! ಡೈರಿಯ ಬಹುಪಾಲು, ಪತ್ರಗಳ ಎಷ್ಟೋ ಕರಡು ಆಕೆಯ ಕೈಬರಹದಲ್ಲಿವೆ. ಈತ ಹೇಳುತ್ತಿದ್ದ, ಆಕೆ ಬರೆದುಕೊಳ್ಳುತ್ತಿದ್ದಳು. 1910ರಲ್ಲಿ ಮೊದಲ ಗಂಡನನ್ನು ಬಿಟ್ಟು ಬಂದವಳು, ಮದುವೆಯಾಗಿದ್ದು 1919ರಲ್ಲಿ. ಈ ಮನೆ ಸುದ್ದಿ ಪಕ್ಕಕ್ಕಿಟ್ಟರೆ ನಿನ್ನ ಕೈಯಲ್ಲಿರುವ ಕಾಗದ ಯಾರು ಬರೆದದ್ದು, ಯಾರು ಉಳಿಸಿದ್ದು ಅಂತಲೇ ಹೇಳಲಾರೆ. ಶೆಂಕರ್ 1935ರ ಜನವರಿಯಲ್ಲಿ ತೀರಿಕೊಂಡ. 1938ರಲ್ಲಿ ನಾಜಿಗಳು ವಿಯೆನ್ನಾಕ್ಕೆ ಬಂದರು. ಕಾಗದಪತ್ರಗಳ ಒಂದು ಭಾಗ ಶೆಂಕರನ ಅನುಯಾಯಿ ಅರ್ನ್ಸ್ಟ್ ಓಸ್ಟರ್ ಮೂಲಕ ನ್ಯೂಯಾರ್ಕಿಗೆ ಹೋಯಿತು. ಇನ್ನೊಂದು ಭಾಗವನ್ನು ಜೀನೆಟ್ ಎರ್ವಿನ್ ರಾಟ್ಸ್ ಅನ್ನುವವರ ಕೈಗೆ ಕೊಟ್ಟಳು. ಅದೇ ಮುಂದೆ ಇನ್ನೊಬ್ಬ ಅನುಯಾಯಿ ಓಸ್ವಾಲ್ಡ್ ಯೋನಾಸ್‌ಗೆ ಸೇರಿ, ಈಗ ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿದೆ. ಆಕೆಯನ್ನು 1942ರಲ್ಲಿ ಥೆರೇಸಿಯನ್‌ಶ್ಟಾಟ್ ಶಿಬಿರಕ್ಕೆ ಸಾಗಿಸಿದರು, 1945ರ ಜನವರಿಯಲ್ಲಿ ಅಲ್ಲೇ ಸತ್ತಳು.

ಇದನ್ನು ಓದಿದ ಮೇಲೆ 1933ರ ಮೇ ತಿಂಗಳ ಪತ್ರ ತೆಗೆದು ನೋಡು. ಶಿಷ್ಯ ಫೆಲಿಕ್ಸ್ ಫಾನ್ ಕೂಬೆಗೆ ಬರೆದದ್ದು. ಮಾರ್ಕ್ಸ್‌ವಾದವನ್ನು ಬುಡಸಮೇತ ಕಿತ್ತುಹಾಕಿದ ಅಂತ ಹಿಟ್ಲರನನ್ನು ಹೊಗಳಿದ್ದಾನೆ. ಬರೆದವನು ಗಲೀಷಿಯಾದಲ್ಲಿ ಹುಟ್ಟಿದ ಯಹೂದಿ! ಹ್ಯಾಂಬರ್ಗ್‌ನಲ್ಲಿ ಪಾಠ ಮಾಡುತ್ತಿದ್ದ ಆತನ ಪ್ರಾಣಸ್ನೇಹಿತ ಮೊರಿಟ್ಸ್ ವಿಯೊಲಿನ್ ಕೂಡ ಯಹೂದಿ. ನೀನು ಈ ಪತ್ರವನ್ನು ಅಡಿಟಿಪ್ಪಣಿಗೆ ಹಾಕಿದ್ದೀಯ. ಬೇಡ ಪುಟ್ಟಿ, ಮೇಲಕ್ಕೆ ತಾ. ಜರ್ಮನ್ ಪ್ರತಿಭೆಯೇ ಎಲ್ಲರಿಗಿಂತ ಮೇಲು ಅಂತ 'ಟೋನ್‌ವಿಲ್ಲೆ'ಯ ಮೊದಲ ಸಂಚಿಕೆಯಲ್ಲೇ ಉದ್ದದ ಲೇಖನ ಬರೆದವನು ಈತ. ಒಳ್ಳೆಯ ಸಂಗೀತ ಯಾವುದು ಅನ್ನುವ ಈತನ ತೀರ್ಮಾನಕ್ಕೂ ಆ ನಂಬಿಕೆಗೂ ಸಂಬಂಧವೇ ಇಲ್ಲ ಅಂತ ನೀನು ವಾದ ಮಾಡಬಹುದು, ಆದರೆ ಪತ್ರ ಬಚ್ಚಿಟ್ಟು ಮಾಡಬೇಡ.

ಹಾಗೆ ಬಚ್ಚಿಡುವ ಅಭ್ಯಾಸ ಹಳೆಯದು. ಆತನ ಕೊನೆಯ ಪುಸ್ತಕವನ್ನು 1956ರಲ್ಲಿ ಮತ್ತೆ ಅಚ್ಚು ಹಾಕುವಾಗ ಯೋನಾಸ್ ಇಂಥ ಮಾತುಗಳಿದ್ದ ಕೆಲವು ಭಾಗ ಬಿಟ್ಟರು, 1979ರ ಇಂಗ್ಲಿಷ್ ಅನುವಾದದಲ್ಲಿ ಅಂಥ ಮಾತುಗಳು ಕೊನೆಯ ಅನುಬಂಧಕ್ಕೆ ಹೋದವು. ಗುರುವಿನ ಮೇಲಿನ ಪ್ರೀತಿ ಇರಬಹುದು. 2019ರಲ್ಲಿ ಸಂಗೀತಶಾಸ್ತ್ರಜ್ಞ ಫಿಲಿಪ್ ಯೂವೆಲ್ ಅಮೆರಿಕದ ಸಂಗೀತಶಾಸ್ತ್ರಜ್ಞರ ಸಮ್ಮೇಳನದಲ್ಲಿ ಇದನ್ನು ಎತ್ತಿದಾಗ ಎದ್ದ ಗಲಾಟೆ ನನಗಿಂತ ನಿನಗೇ ಚೆನ್ನಾಗಿ ಗೊತ್ತು. ನಿನ್ನ ವೈವಾ ದಿನ ಮೊದಲ ಪ್ರಶ್ನೆಯೇ ಅದಾಗಿದ್ದರೆ ಅಡಿಟಿಪ್ಪಣಿ ತೋರಿಸುತ್ತೀಯಾ?

ಹಾಗಂತ ಬರೀ ಕೆಟ್ಟದ್ದನ್ನೇ ಹುಡುಕು ಅಂತಲೂ ಅಲ್ಲ. ಜರ್ಮನಿಯ ಸಂಗೀತ ಲೇಖಕ ಆಗಸ್ಟ್ ಹಾಲ್ಮ್ ಜೊತೆಗಿನ ಪತ್ರಗಳನ್ನು ಖುಷಿಯಿಂದ ಓದು. ಹಾಲ್ಮ್‌ಗೆ ಸಂಗೀತ ರಚನಕಾರ ಬ್ರುಕ್ನರ್ ಅಂದರೆ ಪ್ರಾಣ. ಬ್ರುಕ್ನರ್ ಹತ್ತಿರವೇ ಕಲಿತಿದ್ದ ಶೆಂಕರ್ ಅಷ್ಟು ಒಪ್ಪುವವನಲ್ಲ. ಆದರೂ ವರ್ಷಗಟ್ಟಲೆ ಬರೆದುಕೊಂಡರು, ಹರ್ಟ್ಸ್ಕಾಗೆ ಸಿಗದ ತಾಳ್ಮೆ ಹಾಲ್ಮ್‌ಗೆ ಸಿಕ್ಕಿತು. ಬೀಥೋವನ್‌ನ ಕೊನೆಯ ಸೊನಾಟಾಗಳಿಗೆ ಒಂದೊಂದಾಗಿ ವಿವರಣೆ ಬರೆಯುತ್ತಾ ಬಂದವನು ಅವುಗಳಲ್ಲಿ ಓಪಸ್ 106 ಅನ್ನುವ ಸೊನಾಟಾಗೆ ಮಾತ್ರ ಬರೆಯಲಿಲ್ಲ. ಯಾಕೆ ಹೇಳು? ಮೂಲ ಹಸ್ತಪ್ರತಿ ಸಿಗಲಿಲ್ಲ. ಅಚ್ಚಾದ ಪ್ರತಿ ನಂಬದ ಈ ಹಟಮಾರಿಯ ಒತ್ತಾಯಕ್ಕೇ 1927ರಲ್ಲಿ ಶಿಷ್ಯ ಹೋಬೋಕೆನ್ ಹಸ್ತಪ್ರತಿಗಳ ಫೋಟೊ ಸಂಗ್ರಹವನ್ನು ವಿಯೆನ್ನಾದ ರಾಷ್ಟ್ರೀಯ ಗ್ರಂಥಾಲಯದಲ್ಲಿ ಶುರು ಮಾಡಿದ್ದು. ಪ್ರಕಾಶಕನ ಹತ್ತಿರ ಒಂದೊಂದು ಅಕ್ಷರಕ್ಕೂ ಕಾದಾಡುವ ಗುಣ, ಬೀಥೋವನ್‌ನ ಒಂದೊಂದು ಸ್ವರಕ್ಕೂ ಕಾದಾಡುವ ಗುಣ, ಎರಡೂ ಒಂದೇ ಅಂತ ನನಗೆ ಅನ್ನಿಸುತ್ತದೆ. ನಿನ್ನ ಯೋಜನೆಯಂತೆ ಹೋದರೆ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಎಸೆದ ಹಾಗೆ.

ಕೆಲಸದ ಮಾತು ಒಂದು. ಕರಡು ಯಾವುದು, ಅಂಚೆಗೆ ಬಿದ್ದ ಪತ್ರ ಯಾವುದು ಅಂತ ಪ್ರತಿಸಲ ಗುರುತು ಹಾಕು. ಕರಡಿನಲ್ಲಿ ಬೈದದ್ದನ್ನು ಹರ್ಟ್ಸ್ಕಾ ಓದಿಯೇ ಇರಲಿಕ್ಕಿಲ್ಲ. ಶೆಂಕರ್ ಕಳಿಸಿದ ಪತ್ರಗಳು ಪಡೆದವರ ಊರುಗಳಲ್ಲಿ ಚದುರಿವೆ: ಹಾಲ್ಮ್‌ದು ಮಾರ್ಬಾಕ್‌ನಲ್ಲಿ, ಪಿಯಾನೊ ವಾದಕ ಬುಸೋನಿದು ಬರ್ಲಿನ್‌ನಲ್ಲಿ. ಒಂದು ಕಡೆ ನೋಡಿ ತೀರ್ಪು ಬರೆಯಬೇಡ.

ಗೈಡ್‌ಗೆ ಈ ಪತ್ರ ತೋರಿಸಬೇಡ, ದೊಡ್ಡಪ್ಪ ಹೇಳಿದರು ಅಂತಲೂ ಅನ್ನಬೇಡ, ನಿನ್ನ ಮಾತಾಗಿಯೇ ಹೇಳು. 1924-25ರ ಹರ್ಟ್ಸ್ಕಾ ಪತ್ರಗಳ ಅನುವಾದ ಆಗುತ್ತಿದ್ದ ಹಾಗೆ ನನಗೆ ಕಳಿಸು, ಪ್ರಿಂಟ್ ತೆಗೆಸಿಯೇ ಕಳಿಸು, ಮೊಬೈಲಿನಲ್ಲಿ ಓದಲು ನನ್ನ ಕಣ್ಣಿಗೆ ಆಗುವುದಿಲ್ಲ.

ಇಂತಿ,
ನಿನ್ನ ದೊಡ್ಡಪ್ಪ