ಯಾರಿಗೂ ಡಲ್ ಅನ್ನಬೇಡ

ಚಿ. ಸುಮಂತನಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ನಿಮ್ಮಮ್ಮ ಫೋನಿನಲ್ಲಿ ಎಲ್ಲಾ ಹೇಳಿದಳು. ಲೀಡ್ಸ್‌ನ ಆಫೀಸಿನಲ್ಲಿ ಸೀನಿಯರ್ ಒಬ್ಬರಿಗೆ ನೀನು 'ಯೂ ಲುಕ್ ಡಲ್ ಟುಡೇ' ಅಂದೆಯಂತೆ, ಆಕೆ ಮುಖ ಗಂಟು ಹಾಕಿಕೊಂಡರಂತೆ. ಯಾಕೆ ಅಂತ ನಿನಗಿನ್ನೂ ಹೊಳೆದಿಲ್ಲ, ಅಲ್ವಾ?

ನಮ್ಮಲ್ಲಿ 'ಯಾಕೋ ಡಲ್ ಆಗಿದೀಯ, ಜ್ವರಾನಾ?' ಅಂದರೆ ಅಕ್ಕರೆ. ಅದು ಇವತ್ತಿನ ಮುಖದ ಮಾತು, ನಾಳೆಗೆ ಸರಿಹೋಗುತ್ತದೆ. ಇಂಗ್ಲೆಂಡಿನವರಿಗೆ ಹಾಗಲ್ಲ. ಮನುಷ್ಯರಿಗೆ ಡಲ್ ಅಂದರೆ ಸ್ವಭಾವವೇ ಸಪ್ಪೆ, ಜೊತೆಗೆ ಕೂತರೆ ಆಕಳಿಕೆ ಬರುತ್ತದೆ ಅಂತ. ಹಳೇ ಅರ್ಥ ಇನ್ನೂ ಕೆಟ್ಟದ್ದು: ಪೆದ್ದು. ನಮ್ಮ ಸ್ಕೂಲುಗಳ 'ಡಲ್ ಸ್ಟೂಡೆಂಟ್' ಹುಟ್ಟಿದ್ದು ಅಲ್ಲಿಂದಲೇ. ಆ ಮಾತು ಕೇಳಿದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ.

ವಸ್ತುಗಳಿಗಾದರೆ ಧಾರಾಳವಾಗಿ ಬಳಸು. ಮೊಂಡು ಚಾಕು, ಮಾಸಿದ ಬಣ್ಣ, ಮೋಡ ಕವಿದ ದಿನ, ಗಿರಾಕಿಯಿಲ್ಲದ ವ್ಯಾಪಾರ, ಎಲ್ಲಾ ಡಲ್ಲೇ. ಡಾಕ್ಟರ ಹತ್ತಿರ ಹೋದರಂತೂ ಈ ಪದ ಗೊತ್ತಿರಲೇಬೇಕು. ನೋವು ಶಾರ್ಪೋ ಡಲ್ಲೋ ಅಂತ ಕೇಳುತ್ತಾರೆ. ಚುಚ್ಚಿದ ಹಾಗಿದ್ದರೆ ಶಾರ್ಪ್. ಒಂದೇ ಸಮನೆ ಒಳಗೊಳಗೇ ನೋಯುತ್ತಿದ್ದರೆ ಡಲ್. ಡಲ್ ಅಂದಮಾತ್ರಕ್ಕೆ ಕಡಿಮೆ ನೋವು ಅಂತಲ್ಲ.

ಕೆಲಸಕ್ಕೂ ಹೇಳಬಹುದು. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ತಂದ ನಿಘಂಟಿನಲ್ಲಿ ಈ ಪದಕ್ಕೆ ಕೊಟ್ಟ ಒಂದು ಉದಾಹರಣೆ ಏನು ಗೊತ್ತಾ? ನಿಘಂಟು ಮಾಡುವುದು ಡಲ್ ಕೆಲಸ ಅಂತ! ಪುಣ್ಯಾತ್ಮ ತನ್ನನ್ನೇ ಗೇಲಿ ಮಾಡಿಕೊಂಡಿದ್ದಾನೆ. ಅಂದಹಾಗೆ ಸ್ಕಾಟ್ಲೆಂಡಿನಲ್ಲಿ ಡಲ್ ಅಂತ ಒಂದು ಹಳ್ಳಿಯೇ ಇದೆ. 2012ರಲ್ಲಿ ಅದು ಅಮೆರಿಕದ ಆರೆಗಾನ್‌ನ ಬೋರಿಂಗ್ ಅನ್ನೋ ಊರಿನ ಜೊತೆ ಜೋಡಿ ಕಟ್ಟಿಕೊಂಡಿತು. ರಜೆ ಸಿಕ್ಕರೆ ಹೋಗಿ, ಆ ಹಳ್ಳಿಯ ಹೆಸರಿನ ಬೋರ್ಡಿನ ಫೋಟೋ ಕಳಿಸು.

ಇನ್ನು ಮುಂದೆ ಯಾರಾದರೂ ಬಾಡಿದಂತೆ ಕಂಡರೆ 'ಈಸ್ ಎವೆರಿಥಿಂಗ್ ಆಲ್‌ರೈಟ್?' ಅಂತ ಕೇಳು, ಸಾಕು. ಅವರ ಮುಖದ ಸುದ್ದಿ ಎತ್ತಲೇಬೇಡ. ನಿನಗೇ ಬೇಜಾರಾಗಿದ್ದರೆ 'ಫೀಲಿಂಗ್ ಲೋ' ಅನ್ನು.

ಆ ಸೀನಿಯರ್‌ಗೆ ಕ್ಷಮೆ ಕೇಳಿ ಉದ್ದದ ಮೇಲ್ ಬರೆಯಬೇಡ, ಸುಮ್ನೆ ದೊಡ್ಡದಾಗುತ್ತದೆ. ಕಾಫಿಗೆ ಹೋದಾಗ ಸಿಕ್ಕರೆ, ನಮ್ಮ ಕಡೆ ಡಲ್ ಅಂದರೆ ಸುಸ್ತಾಗಿರೋದು, ಆ ಅರ್ಥದಲ್ಲಿ ಅಂದೆ ಅಂತ ಬಾಯಲ್ಲೇ ಹೇಳು. ಸೋಮವಾರವೇ ಹೇಳಿ ಮುಗಿಸು.

ಇಂತಿ,
ನಿನ್ನ ದೊಡ್ಡಮ್ಮ